ಸಹಾಯ ಬೇಕು: ಈ 1965ರ ಫೋರ್ಡ್ ಮಸ್ಟಾಂಗ್ ಕನ್ವರ್ಟಿಬಲ್ ನಿಜವಾದ ಜಿಟಿಯೇ?

ಎಲ್ಲರಿಗೂ ನಮಸ್ಕಾರ. ಬಹುದಿನದ ಆಸೆಯ ಕಾರು ಕೊನೆಗೂ ಸಿಕ್ಕಿದೆ. ಮಾರುವವರು ಜಿಟಿ (ಹೆಚ್ಚುವರಿ ಸಲಕರಣೆಗಳ ವಿಶೇಷ ಪ್ಯಾಕೇಜ್ ಇರುವ ಕಾರು) ಎಂದು ಹೇಳಿ ಅದಕ್ಕೆ ತಕ್ಕ ಬೆಲೆ ಕೇಳುತ್ತಿದ್ದಾರೆ.

ಬಾಗಿಲಿನ ಡೇಟಾ ಪ್ಲೇಟಿನಲ್ಲಿ 76ಬಿ ಎಂದಿದೆ. ಅಂದರೆ ಸೀಟಿನ ಮೇಲೆ ಓಡುವ ಕುದುರೆಗಳಿರುವ ಡೀಲಕ್ಸ್ ಒಳಾಂಗಣ, ಅದರಲ್ಲಿ ಅನುಮಾನವಿಲ್ಲ. ವಿನ್ ಅಂದರೆ ವಾಹನದ ಗುರುತಿನ ಸಂಖ್ಯೆಯ ಐದನೇ ಸ್ಥಾನದಲ್ಲಿ 'ಎ' ಇದೆ: 225 ಅಶ್ವಶಕ್ತಿಯ, 289 ಘನ ಇಂಚಿನ ವಿ8 ಎಂಜಿನ್. ಅಲ್ಲಿ 'ಕೆ' ಇದ್ದಿದ್ದರೆ 271 ಅಶ್ವಶಕ್ತಿ, ಬೆಲೆಯ ಲೆಕ್ಕವೇ ಬೇರೆ.

ತೊಡಕು ಏನೆಂದರೆ, ಆ ವರ್ಷದ ಜಿಟಿ ಪ್ಯಾಕೇಜಿಗೆ ಪ್ಲೇಟಿನಲ್ಲೂ ವಿನ್‌ನಲ್ಲೂ ಗುರುತಿಲ್ಲ. ಫಾಗ್ ಲ್ಯಾಂಪು, ಮುಂದಿನ ಡಿಸ್ಕ್ ಬ್ರೇಕು, ಜೋಡಿ ಎಕ್ಸಾಸ್ಟನ್ನು ಯಾರು ಬೇಕಾದರೂ ಆಮೇಲೆ ಕೂರಿಸಬಹುದು. ಕಾರ್ಖಾನೆಯ ಜಿಟಿಗೆ ಸುಳಿವಾಗಿ, ಎಕ್ಸಾಸ್ಟ್ ಕೊಳವೆಯನ್ನು ತೂಗುಹಾಕುವ ಹ್ಯಾಂಗರಿಗಾಗಿ ಹಿಂದಿನ ಫ್ರೇಮ್ ರೈಲಿಗೆ ಕಾರ್ಖಾನೆಯಲ್ಲೇ ಬೆಸೆದ ಪ್ಲೇಟಿನ ಫೋಟೋ ಇದ್ದವರು ದಯವಿಟ್ಟು ಹಾಕಿ.

ಇನ್ನೊಂದು ಮಾತು. ಈ ಬಣ್ಣ ಅಪರೂಪ ಎಂದೂ ಅವರು ಬೆಲೆ ಏರಿಸಿದ್ದಾರೆ. 1971ರ ಪ್ಲಿಮತ್ ಕಂಪನಿಯ 'ಹೆಮಿ ಕೂಡಾ' ಕನ್ವರ್ಟಿಬಲ್‌ನಂತೆ ಬರೀ 11 ತಯಾರಾದ, ಎಲ್ಲರೂ ಹಂಬಲಿಸುವ ಕಾರಾದರೆ ಒಪ್ಪಬಹುದು. ಕಡಿಮೆ ಜನ ಆರಿಸಿಕೊಂಡ ಬಣ್ಣಕ್ಕೆ ಅಷ್ಟು ಬೆಲೆ ನನಗೆ ಸರಿಕಾಣುತ್ತಿಲ್ಲ. ಜಿಟಿ ಎಂದು ಸಾಬೀತಾಗದಿದ್ದರೆ ಡೀಲಕ್ಸ್ 'ಎ' ಕೋಡ್ ಕಾರು ಎಂದಷ್ಟೇ ಬೆಲೆ ಕಟ್ಟಲೇ? ಕೊಂಡ ಅನುಭವವಿರುವವರು ತಿಳಿಸಿ.