ಲೇಬರ್ ವಾರ್ಡ್ ಸಿಸ್ಟರ್‌ಗಳ ಜೊತೆ ಡೌಲಾ ಹೊಂದಿಕೊಂಡು ಹೋಗೋದು ಹೇಗೆ?

ಹೊಸ ಡೌಲಾ, ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ಈ ವರ್ಷ ಡೌಲಾ ಕೆಲಸ, ಅಂದರೆ ಹೆರಿಗೆಯ ಹೊತ್ತಲ್ಲಿ ತಾಯಿಯ ಜೊತೆಗಿದ್ದು ಧೈರ್ಯ ಹೇಳುವ ಕೆಲಸ ಶುರು ಮಾಡಿದ್ದೇನೆ. ಬಸುರಿಯರ ಜೊತೆ ಏನೂ ತೊಂದರೆ ಇಲ್ಲ, ಕಷ್ಟ ಇರುವುದು ಆಸ್ಪತ್ರೆಯ ಒಳಗೆ. ಮೊನ್ನೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕನ್ಸಲ್ಟೆಂಟ್ ಮೇಡಂ ಮೊದಲೇ "ಬನ್ನಿ" ಅಂದಿದ್ದರು. ರಾತ್ರಿ ಹನ್ನೊಂದಕ್ಕೆ ಹೋದರೆ ಡ್ಯೂಟಿ ಡಾಕ್ಟರಿಗೆ ಆ ವಿಷಯವೇ ಗೊತ್ತಿಲ್ಲ. "ಒಬ್ಬರನ್ನೇ ಬಿಡೋದು. ಗಂಡ ಬೇಕಾ, ಇವರು ಬೇಕಾ?" ಅಂತ ನೋವು ತಿನ್ನುತ್ತಿರುವ ಹುಡುಗಿಯನ್ನೇ ಕೇಳಿದರು! ನಾನು ಬೆಳಗಿನವರೆಗೂ ಕಾರಿಡಾರ್‌ನಲ್ಲಿ. ಆಮೇಲೆ ಒಳಗೆ ಬಿಟ್ಟರು. ಅವಳನ್ನು ದೊಡ್ಡ ರಬ್ಬರ್ ಬಾಲ್ ಮೇಲೆ ಕೂರಿಸಿದ ತಕ್ಷಣ "ಸಿಟಿಜಿ ಹೋಯ್ತು, ಮಲಗಿಸಿ" ಅಂತ ಸಿಸ್ಟರ್ ಗದರಿದರು (ಸಿಟಿಜಿ ಅಂದರೆ ಮಗುವಿನ ಹಾರ್ಟ್‌ಬೀಟ್ ಕಾಗದದ ಮೇಲೆ ದಾಖಲಿಸುವುದು). ನನಗೆ ಜಗಳ ಬೇಡ. ಹಾಗಂತ ಆ ಹುಡುಗಿಯ ಮನೆಯವರು ದುಡ್ಡು ಕೊಟ್ಟು ಕರೆದದ್ದು ಸುಮ್ನೆ ಮೂಲೆಯಲ್ಲಿ ನಿಲ್ಲೋದಕ್ಕೂ ಅಲ್ಲ ಅಲ್ವಾ?

ಲೇಬರ್ ವಾರ್ಡ್ ಸಿಸ್ಟರ್:
ನಾನೂ ಗದರೋ ಸಿಸ್ಟರೇ ಕಣಮ್ಮ, ಬೇಜಾರು ಮಾಡ್ಕೋಬೇಡ.

ನೀನು ಒಬ್ಬಳ ಪಕ್ಕ ಇರುತ್ತೀಯ. ನನಗೆ ಮೂರು ಬೆಡ್ ಇರುತ್ತವೆ. ಅರ್ಧ ಗಂಟೆಗೊಮ್ಮೆಯಾದರೂ ಮಗುವಿನ ಹಾರ್ಟ್‌ಬೀಟ್ ನೋಡಬೇಕು, ಹೆರಿಗೆ ಹೇಗೆ ಮುಂದುವರಿಯುತ್ತಿದೆ ಅಂತ ಬರೆಯುವ ಚಾರ್ಟ್, ಪಾರ್ಟೋಗ್ರಾಫ್, ತುಂಬಬೇಕು. ಸಿಟಿಜಿ ಕಾಗದದ ಮೇಲೆ ಗೆರೆ ಇಲ್ಲ ಅಂದರೆ ನಾನು ನೋಡೇ ಇಲ್ಲ ಅಂತ ಲೆಕ್ಕ. ನಾಳೆ ಮಗುವಿಗೆ ಏನಾದರೂ ಆದರೆ ಉತ್ತರ ಕೊಡಬೇಕಾದವಳು ನಾನು, ನೀನಲ್ಲ. ಅದಕ್ಕೇ ಕೂರಿಸುವ ಮೊದಲು ಒಂದು ಮಾತು ಕೇಳು: "ಸಿಸ್ಟರ್, ಬಾಲ್ ಮೇಲೆ ಕೂರಿಸಬೇಕು ಅಂತಿದ್ದೀವಿ, ಈ ಸಿಟಿಜಿ ಸ್ಟ್ರಿಪ್ ಮುಗಿಯೋವರೆಗೆ ಕಾಯಲಾ?" ಇಪ್ಪತ್ತು ನಿಮಿಷದ ವಿಷಯ. ಬೇಕಾದರೆ ಬೆಲ್ಟ್ ನಾನೇ ಸರಿಮಾಡಿ ಕೊಡುತ್ತೇನೆ, ಕೂತುಕೊಂಡೇ ಟ್ರೇಸ್ ಬರುತ್ತೆ.

ಮೇಡಂ ಬಾಯಿಮಾತಿಗೆ ರಾತ್ರಿ ಬೆಲೆ ಇಲ್ಲ. ಮೂವತ್ತಾರನೇ ವಾರದ ಚೆಕಪ್‌ನಲ್ಲೇ "ಗಂಡ ಮತ್ತು ಡೌಲಾ ಇಬ್ಬರೂ ಇರಬಹುದು" ಅಂತ ಫೈಲಿನಲ್ಲಿ ಬರೆಸಿ ಸಹಿ ಹಾಕಿಸು. ವಾಟ್ಸಾಪ್ ತೋರಿಸಬೇಡ. ಶಿಫ್ಟ್ ಬದಲಾದರೆ ಹೊಸ ಸಿಸ್ಟರ್‌ಗೆ ಮತ್ತೆ ಪರಿಚಯ ಹೇಳು. ಹ್ಯಾಂಡೋವರ್ ಮುಗಿದ ಮೇಲೆ, ಮಧ್ಯದಲ್ಲಿ ಅಲ್ಲ.

ನಮ್ಮಲ್ಲಿ ಹಿಂದೆ ಒಬ್ಬ ಡೌಲಾ ನೋವು ಜಾಸ್ತಿ ಆಯ್ತು ಅಂತ ಡ್ರಿಪ್ ತಾನೇ ನಿಧಾನ ಮಾಡಿದ್ದಳು. ಅದರಲ್ಲಿ ಹೆರಿಗೆ ನೋವು ಬರಿಸುವ ಔಷಧಿ ಆಕ್ಸಿಟೋಸಿನ್ ಇತ್ತು. ಅವತ್ತಿನಿಂದ ಡೌಲಾ ಅಂದರೆ ಎಲ್ಲರ ಮುಖವೂ ಗಂಟು. ಆಮೇಲೆ ಇನ್ನೊಬ್ಬಳು ಬಂದಳು. ಎಪಿಡ್ಯೂರಲ್ (ನೋವು ಕಡಿಮೆ ಮಾಡಲು ಬೆನ್ನಿಗೆ ಕೊಡುವ ಇಂಜೆಕ್ಷನ್) ಕೊಡುವಾಗ ತಾಯಿ ಬೆನ್ನು ಬಾಗಿಸಿ ಅಲುಗಾಡದೆ ಕೂರಬೇಕು, ನೋವಿನ ಮಧ್ಯೆ ಅದು ಸುಲಭ ಅಲ್ಲ. ಈಕೆ ಎದುರಿಗೆ ನಿಂತು, ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು, ಉಸಿರು ಎಣಿಸುತ್ತಾ ಹಿಡಿದುಕೊಂಡಳು. ಅನಸ್ತೇಶಿಯಾ ಡಾಕ್ಟರೇ "ಇವರು ದಿನಾ ಬರ್ತಾರಾ?" ಅಂದರು.

ಪ್ರಸೂತಿ ವೈದ್ಯೆ, ಮೈಸೂರು:
ಸಿಸ್ಟರ್ ಹೇಳಿದ್ದು ಸರಿ. ನನ್ನ ಕಡೆಯಿಂದ ಎರಡು ಮಾತು. ನಾವು ಏನಾದರೂ ಮಾಡಬೇಕು ಅಂದಾಗ ಪ್ರಶ್ನೆ ತಾಯಿಯ ಬಾಯಿಂದಲೇ ಬರಲಿ. "ಈಗಲೇ ಬೇಕಾ, ಅರ್ಧ ಗಂಟೆ ಕಾಯಬಹುದಾ ಅಂತ ಕೇಳಬೇಕು ಅನಿಸುತ್ತಾ?" ಅಂತ ನೀವು ಅವಳಿಗೆ ನೆನಪಿಸಿ. ಅವಳು ಕೇಳಿದರೆ ನಾನು ಕೂತು ಹೇಳುತ್ತೇನೆ. ನೀವು ಕೇಳಿದರೆ ಅದು ವಾದ ಆಗುತ್ತೆ. ನ್ಯಾಯ ಅಲ್ಲ, ಆದರೂ ಹಾಗೇ ಆಗುತ್ತೆ. ಇನ್ನು ಮಗುವಿನ ಹಾರ್ಟ್‌ಬೀಟ್ ಇಳಿದರೆ ಒಂದೇ ನಿಮಿಷದಲ್ಲಿ ರೂಮ್ ತುಂಬಿಹೋಗುತ್ತೆ. ಆಗ ತಲೆಯ ಕಡೆ ಹೋಗಿ, ನಡೆಯುತ್ತಿರುವುದನ್ನು ಅವಳ ಕಿವಿಯಲ್ಲಿ ಹೇಳುತ್ತಾ ಇರಿ. ಅದನ್ನು ಮಾಡಲು ಆಗ ನಮಗ್ಯಾರಿಗೂ ಕೈ ಬಿಡುವಿರಲ್ಲ.

ಹೆರಿಗೆ ಹೇಗಿರಬೇಕು ಅಂತ ಬರೆದುಕೊಡುವ ಬರ್ತ್ ಪ್ಲಾನ್ ಒಂದೇ ಪುಟ ಇರಲಿ. ಹೊಕ್ಕುಳಬಳ್ಳಿ ಕತ್ತರಿಸಲು ಒಂದು ನಿಮಿಷವಾದರೂ ಕಾಯುವುದು ನಮ್ಮಲ್ಲಿ ಮಾಮೂಲಿ, ಅದನ್ನು ದಪ್ಪಕ್ಷರದಲ್ಲಿ ಬರೆದು ಕೊಟ್ಟರೆ ಜಗಳಕ್ಕೆ ಬಂದ ಹಾಗೆ ಕಾಣುತ್ತೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2017ರ ಕಾಕ್ರೇನ್ ವಿಮರ್ಶೆಯಲ್ಲಿ 26 ಅಧ್ಯಯನ, 15,000ಕ್ಕೂ ಹೆಚ್ಚು ಹೆಂಗಸರು. ಕೊನೆವರೆಗೂ ಒಬ್ಬರು ಜೊತೆಗಿದ್ದರೆ ಸಿಸೇರಿಯನ್ ಕಡಿಮೆ ಅಂತ ಅದರಲ್ಲಿ ಕಂಡಿದೆ. ಡಾಕ್ಟರುಗಳಿಗೂ ಇದು ಗೊತ್ತು, ಪ್ರಿಂಟ್ ತರಬೇಡಿ.

ಸರ್ಕಾರಿ ಆಸ್ಪತ್ರೆ ನರ್ಸ್, ದಾವಣಗೆರೆ ಕಡೆ:
ನಮ್ಮಲ್ಲಿ ಡೌಲಾ ಬರಲ್ಲ, ಅವ್ವನೋ ಅತ್ತೆಯೋ ಬರ್ತಾರೆ. 2016ರಲ್ಲಿ ಕೇಂದ್ರ ಸರ್ಕಾರವೇ ಹೆರಿಗೆಗೆ ಜೊತೆಗಾರ್ತಿ ಇರಲಿ ಅಂತ ಮಾರ್ಗಸೂಚಿ ಕೊಟ್ಟಿದೆ. ಸಿಬ್ಬಂದಿ ಕೆಲಸಕ್ಕೆ ಅಡ್ಡ ಬರಬಾರದು, ಪಕ್ಕದ ಬೆಡ್ಡಿನವಳ ಹತ್ತಿರ ಹೋಗಬಾರದು ಅಂತಲೂ ಅದರಲ್ಲಿದೆ. ಪಕ್ಕದ ಬೆಡ್ ಮಾತ್ರ ನೆನಪಿಡಿ ಮೇಡಂ. ಪರದೆ ಇರಲಿ ಬಿಡಲಿ, ಆ ಕಡೆ ನೋಡಬೇಡಿ.

ಹೊಸ ಡೌಲಾ, ಬೆಂಗಳೂರು:
ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ಹೆರಿಗೆ ಬೇರೆ ಆಸ್ಪತ್ರೆಯಲ್ಲಿ. ಮೊದಲೇ ಹೋಗಿ ಇನ್‌ಚಾರ್ಜ್ ಸಿಸ್ಟರನ್ನು ನೋಡಿ ಬರಲಾ? ಯಾವ ಹೊತ್ತಿಗೆ ಹೋಗಲಿ?

ಲೇಬರ್ ವಾರ್ಡ್ ಸಿಸ್ಟರ್:
ಹೋಗು. ಬೆಳಗ್ಗೆ ರೌಂಡ್ಸ್, ಸಿಸೇರಿಯನ್ ಎಲ್ಲಾ ಇರುತ್ತೆ, ಊಟದ ಹೊತ್ತು ದಾಟಿದ ಮೇಲೆ ಹೋಗು. ಇನ್‌ಚಾರ್ಜ್‌ಗಳು ಮಾತ್ರ ಬೆಳಗಿನ ಡ್ಯೂಟಿ, ಸಂಜೆ ಹೊರಟುಬಿಡ್ತಾರೆ. ಸ್ವೀಟ್ ಬಾಕ್ಸ್ ತಗೊಂಡು ಹೋಗಬೇಡ, ಫೈಲಿನ ಜೆರಾಕ್ಸ್ ತಗೊಂಡು ಹೋಗು.