ಸಹಾಯ ಬೇಕು: ರೈಡ್ ಸಿಂಬಲ್ ಪ್ಯಾಡ್‌ನ ಬೆಲ್ ಅನ್ನು ಪ್ರತ್ಯೇಕವಾಗಿ ನುಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ಎಲೆಕ್ಟ್ರಾನಿಕ್ ಡ್ರಮ್ ಕಿಟ್‌ಗೆ ಬೇರೆ ಕಂಪನಿಯ, ಮೂರು ವಲಯಗಳ (ಮೇಲ್ಮೈ, ಅಂಚು, ನಡುವಿನ ಉಬ್ಬಾದ ಬೆಲ್) ಹಳೆಯ ರೈಡ್ ಪ್ಯಾಡ್ ಒಂದನ್ನು ಜೋಡಿಸುತ್ತಿದ್ದೇನೆ. ಪ್ಯಾಡ್‌ನಲ್ಲಿ ಎರಡು ಜ್ಯಾಕ್‌ಗಳಿವೆ, ನಾದ ಹೊರಡಿಸುವ ಪೆಟ್ಟಿಗೆಯಾದ ಮಾಡ್ಯೂಲ್‌ನಲ್ಲಿ ರೈಡ್‌ಗೆಂದು ಇರುವುದು ಒಂದೇ ಇನ್‌ಪುಟ್.

ಮೊದಲು ಗಿಟಾರಿನ ಮೋನೋ ಕೇಬಲ್ ಹಾಕಿದ್ದರಿಂದ ಮೇಲ್ಮೈಯ ನಾದವಷ್ಟೇ ಬರುತ್ತಿತ್ತು. ಅಂಚಿನ ಸ್ವಿಚ್ಚಿನ ಸಂಕೇತ ಸಾಗಿಸಲು ಮೂರನೆಯ ಸಂಪರ್ಕ ಬೇಕೆಂದು ತಿಳಿದು 6.35 ಮಿ.ಮೀ. ಸ್ಟೀರಿಯೊ ಕೇಬಲ್ ಹಾಕಿದ ಮೇಲೆ ಅಂಚೂ ನುಡಿಯಿತು, ಕೈಯಿಂದ ಹಿಡಿದರೆ ನಾದ ನಿಲ್ಲುವ ಚೋಕ್ ಕೂಡ ಸರಿಯಾಯಿತು.

ಉಳಿದಿರುವುದು ಬೆಲ್. ಎರಡನೆಯ ಜ್ಯಾಕ್ ಅನ್ನು ಖಾಲಿಯಿದ್ದ ಎರಡನೆಯ ಕ್ರ್ಯಾಶ್ ಇನ್‌ಪುಟ್‌ಗೆ ಕೊಟ್ಟು, ಅದರ ಮೇಲ್ಮೈ ವಲಯದ ಧ್ವನಿಯನ್ನು ಸೊನ್ನೆಗೆ ಇಳಿಸಿ, ಅಂಚಿನ ವಲಯಕ್ಕೆ ಬೆಲ್‌ನ ನಾದವನ್ನು ಇಟ್ಟಿದ್ದೇನೆ. ಬೆಲ್ ಕೇಳಿಸುತ್ತದೆ, ಆದರೆ ಪ್ಯಾಡ್‌ನ ಒಳಗಿನ, ಕಂಪನವನ್ನು ಗುರುತಿಸುವ ಪೀಜೋ ಸೆನ್ಸರ್ ಅದೇ ಹೊಡೆತವನ್ನು ಮೊದಲ ಇನ್‌ಪುಟ್‌ಗೂ ಕಳಿಸುವುದರಿಂದ ಮೇಲ್ಮೈಯ ನಾದವೂ ಜೊತೆಗೂಡುತ್ತದೆ. ಒಂದು ಇನ್‌ಪುಟ್‌ನ ಹೊಡೆತ ಇನ್ನೊಂದರಲ್ಲಿ ನುಡಿಯದಂತೆ ತಡೆಯುವ ಕ್ರಾಸ್‌ಟಾಕ್ ಮೌಲ್ಯ ಹೆಚ್ಚಿಸಿದರೆ ಅದು ತಗ್ಗುತ್ತದೆ, ಆದರೆ ಕೋಲಿನ ತುದಿಯಿಂದ ಬಾರಿಸುವ ಮೆಲುವಾದ ಪೆಟ್ಟುಗಳು ನುಂಗಿಹೋಗುತ್ತವೆ. ರೈಡ್‌ನ ಜೀವವೇ ಆ ಪೆಟ್ಟುಗಳಲ್ಲಿರುವುದರಿಂದ ಅವನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಇಂಥ ಜೋಡಣೆ ಮಾಡಿರುವವರು ಸೆನ್ಸಿಟಿವಿಟಿ (ಹೊಡೆತಕ್ಕೆ ಸ್ಪಂದಿಸುವ ಪ್ರಮಾಣ), ಥ್ರೆಶೋಲ್ಡ್ (ನಾದ ಹೊರಡಲು ಬೇಕಾದ ಕನಿಷ್ಠ ಹೊಡೆತ) ಮತ್ತು ಕ್ರಾಸ್‌ಟಾಕ್‌ಗಳನ್ನು ಯಾವ ಕ್ರಮದಲ್ಲಿ ಹೊಂದಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ. ಎರಡು ಜ್ಯಾಕ್‌ಗಳ ಸಂಕೇತವನ್ನು ಒಂದೇ ಇನ್‌ಪುಟ್‌ಗೆ ಒಯ್ಯಲು ಪ್ರತಿರೋಧಕ ಬೆಸೆದ ಕೇಬಲ್ ಅನ್ನು ಯಾರಾದರೂ ಸ್ವತಃ ಮಾಡಿಕೊಂಡಿದ್ದರೆ, ಅದರ ವೈರಿಂಗ್ ವಿವರವನ್ನೂ ಕೊಡಬೇಕೆಂದು ಕೋರುತ್ತೇನೆ.