ಇಂಗ್ಲಿಷಿನ ಆಟ್, ಇನ್, ಆನ್: ಕಾಲಕ್ಕೆ ಯಾವುದು, ಸ್ಥಳಕ್ಕೆ ಯಾವುದು?

ಪ್ರಶ್ನೆ

ಪತ್ರವ್ಯವಹಾರವನ್ನೆಲ್ಲ ಇಂಗ್ಲಿಷಿನಲ್ಲಿಯೇ ನಡೆಸಬೇಕಾದ ಕೆಲಸ ನನ್ನದು. ವ್ಯಾಕರಣದ ಉಳಿದ ಭಾಗಗಳು ತಕ್ಕಮಟ್ಟಿಗೆ ಕೈಗೆ ಹತ್ತಿವೆ. ಪ್ರಿಪೊಸಿಷನ್‌ಗಳ ವಿಷಯದಲ್ಲಿ ಮಾತ್ರ ಪ್ರತಿ ಸಲವೂ ಅನುಮಾನ. ‘ಇನ್ ದ ಮಾರ್ನಿಂಗ್’ ಸರಿಯಾಗಿದ್ದರೆ ‘ಆನ್ ಮಂಡೇ ಮಾರ್ನಿಂಗ್’ ಹೇಗೆ ಸರಿ? ಕಾರಿಗೆ ‘ಇನ್’, ಬಸ್ಸಿಗೆ ‘ಆನ್’ ಎನ್ನುವುದರ ಹಿಂದೆ ತರ್ಕವೇನಾದರೂ ಇದೆಯೇ, ಇಲ್ಲವೇ ಬಾಯಿಪಾಠವೊಂದೇ ದಾರಿಯೇ? ಕನ್ನಡದ ಮೂಲಕವೇ ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಕಾಲದ ಮಟ್ಟಿಗೆ ಕನ್ನಡವೇ ಅರ್ಧ ದಾರಿ ತೋರಿಸುತ್ತದೆ. ‘ಐದು ಗಂಟೆಗೆ ಬನ್ನಿ’, ‘ಸೋಮವಾರ ಬನ್ನಿ’, ‘ಮಾರ್ಚ್‌ನಲ್ಲಿ ಬನ್ನಿ’ ಎಂಬ ವಾಕ್ಯಗಳನ್ನು ಗಮನಿಸಿ. ಗಡಿಯಾರದ ಹೊತ್ತಿಗೆ ‘ಗೆ’ ಹಚ್ಚುತ್ತೇವೆ, ವಾರದ ಹೆಸರನ್ನು ಹಾಗೆಯೇ ಬಿಡುತ್ತೇವೆ, ತಿಂಗಳು ಮತ್ತು ವರ್ಷಗಳಿಗೆ ‘ಅಲ್ಲಿ’ ಸೇರಿಸುತ್ತೇವೆ. ಇಂಗ್ಲಿಷಿನಲ್ಲಿ ಇವೇ ಕ್ರಮವಾಗಿ ‘ಆಟ್’, ‘ಆನ್’, ‘ಇನ್’ ಆಗುತ್ತವೆ: ‘ಆಟ್ ಫೈವ್’, ‘ಆನ್ ಮಂಡೇ’, ‘ಇನ್ ಮಾರ್ಚ್’. ತಾರೀಖು ಕೂಡ ದಿನವೇ ಆದ್ದರಿಂದ ಅದಕ್ಕೆ ‘ಆನ್’.

ಈ ಹೊಂದಾಣಿಕೆ ತಪ್ಪುವುದು ಬೆಳಿಗ್ಗೆ, ಸಂಜೆ, ರಾತ್ರಿಗಳಲ್ಲಿ. ಬೆಳಿಗ್ಗೆ ಮತ್ತು ಸಂಜೆಯನ್ನು ಇಂಗ್ಲಿಷ್ ಒಂದು ಅವಧಿಯೆಂದು ಎಣಿಸಿ ‘ಇನ್’ ಬಳಸುತ್ತದೆ; ಆದರೆ ಅದು ಯಾವ ದಿನದ ಬೆಳಿಗ್ಗೆ ಎಂದು ಹೇಳಿದ ಕೂಡಲೇ ದಿನದ ನಿಯಮವೇ ಮೇಲಾಗುತ್ತದೆ. ಆದ್ದರಿಂದಲೇ ‘ಆನ್ ಮಂಡೇ ಮಾರ್ನಿಂಗ್’. ‘ಆಟ್ ನೈಟ್’ ರೂಢಿ. ಅದಕ್ಕೆ ಕಾರಣ ಹುಡುಕುತ್ತ ಕೂರುವುದಕ್ಕಿಂತ ನೆನಪಿಟ್ಟುಕೊಳ್ಳುವುದು ಸುಲಭ. ನೆಕ್ಸ್ಟ್, ಲಾಸ್ಟ್, ದಿಸ್, ಎವ್ರಿ ಎಂಬ ಪದಗಳು ಮುಂದೆ ಬಂದರೆ ಈ ಮೂರರಲ್ಲಿ ಯಾವುದೂ ಬೇಡ: ‘ಸೀ ಯೂ ನೆಕ್ಸ್ಟ್ ಫ್ರೈಡೇ’. ವಾರಾಂತ್ಯಕ್ಕೆ ಬ್ರಿಟಿಷರು ‘ಆಟ್ ದ ವೀಕೆಂಡ್’ ಎಂದರೆ ಅಮೆರಿಕನ್ನರು ‘ಆನ್ ದ ವೀಕೆಂಡ್’ ಎನ್ನುತ್ತಾರೆ.

ಉತ್ತರ 2

ಮೇಲಿನ ವಿವರಣೆ ಸರಿಯಾಗಿದೆ. ಆದರೆ ಕನ್ನಡಿಗರು ಬರೆಯುವ ಇಂಗ್ಲಿಷ್ ಪತ್ರಗಳಲ್ಲಿ ಹೆಚ್ಚು ಎದ್ದುಕಾಣುವ ತಪ್ಪುಗಳು ಬೇರೆ ಕಡೆ ಇವೆ ಎಂಬುದು ನನ್ನ ಅಭಿಪ್ರಾಯ. ನಾವು ‘2021ರಿಂದ ಇಲ್ಲಿದ್ದೇನೆ’ ಎಂದೂ ‘ಮೂರು ವರ್ಷಗಳಿಂದ ಇಲ್ಲಿದ್ದೇನೆ’ ಎಂದೂ ಒಂದೇ ‘ಇಂದ’ ಪ್ರತ್ಯಯದಿಂದ ಹೇಳುತ್ತೇವೆ. ಇಂಗ್ಲಿಷ್ ಇವೆರಡನ್ನು ಬೇರ್ಪಡಿಸುತ್ತದೆ: ಆರಂಭದ ಬಿಂದುವಿಗೆ ‘ಸಿನ್ಸ್’, ಅವಧಿಯ ಉದ್ದಕ್ಕೆ ‘ಫಾರ್’. ಹಾಗಾಗಿ ‘ಸಿನ್ಸ್ ತ್ರೀ ಇಯರ್ಸ್’ ತಪ್ಪು, ‘ಫಾರ್ ತ್ರೀ ಇಯರ್ಸ್’ ಸರಿ.

ಇನ್ನೊಂದು, ಗಡುವಿನ ವಿಷಯ. ‘ಶುಕ್ರವಾರದೊಳಗೆ ಕಳುಹಿಸಿ’ ಎಂಬುದನ್ನು ‘ವಿತಿನ್ ಫ್ರೈಡೇ’ ಎಂದು ಬರೆಯುವವರು ಬಹಳ. ‘ವಿತಿನ್’ ಪದಕ್ಕೆ ‘ವಿತಿನ್ ತ್ರೀ ಡೇಸ್’ ಎಂಬಂತೆ ಅವಧಿ ಬೇಕು. ಗಡುವಿನ ದಿನಕ್ಕೆ ‘ಬೈ ಫ್ರೈಡೇ’ ಎನ್ನಬೇಕು. ಇನ್ನು ‘ಅನ್‌ಟಿಲ್ ಫ್ರೈಡೇ’ ಎಂದರೆ ಶುಕ್ರವಾರದವರೆಗೆ ಮುಂದುವರಿಯುವ ಸ್ಥಿತಿ: ಕಿಟಕಿ ಅಲ್ಲಿಯವರೆಗೆ ತೆರೆದಿರಬಹುದು, ಆದರೆ ವರದಿಯನ್ನು ‘ಅನ್‌ಟಿಲ್ ಫ್ರೈಡೇ’ ಸಲ್ಲಿಸಲಾಗದು. ‘ಬೈ’ ಎಂದಾಗ ಆ ದಿನವೂ ಸೇರಿತೇ ಎಂಬ ತಕರಾರು ಬರಬಾರದೆಂದೇ ಕರಾರುಪತ್ರಗಳಲ್ಲಿ ‘ಆನ್ ಆರ್ ಬಿಫೋರ್’ ಎಂದು ಬರೆಯುತ್ತಾರೆ.

ಉತ್ತರ 3

ಸ್ಥಳದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿ ಕನ್ನಡದ ‘ಅಲ್ಲಿ’ ಒಂದೇ ಮೂರೂ ಕೆಲಸ ಮಾಡುವುದರಿಂದ ಪದಕ್ಕೆ ಪದ ಹುಡುಕಿ ಪ್ರಯೋಜನವಿಲ್ಲ. ಹೇಳುವವರು ಆ ಜಾಗವನ್ನು ಒಂದು ಬಿಂದುವಾಗಿ ನೋಡುತ್ತಿದ್ದಾರೋ, ಮೇಲ್ಮೈಯಾಗಿಯೋ, ಒಳಗುಳ್ಳ ಆವರಣವಾಗಿಯೋ ಎಂದು ಕೇಳಿಕೊಳ್ಳಬೇಕು. ಫೋನಿನಲ್ಲಿ ‘ಎಲ್ಲಿದ್ದೀರಿ’ ಎಂದು ಕೇಳಿದವರಿಗೆ ‘ಆಟ್ ದ ಲೈಬ್ರರಿ’ ಎಂದರೆ ಬಾಗಿಲ ಬಳಿ ನಿಂತಿದ್ದರೂ ಮಾತು ಸುಳ್ಳಾಗದು. ‘ಇನ್ ದ ಲೈಬ್ರರಿ’ ಎಂದರೆ ಗೋಡೆಗಳ ಒಳಗಿದ್ದೀರಿ ಎಂದೇ ಅರ್ಥ. ಕೋಣೆಯ ಮೂಲೆ ಆವರಣದ ಒಳಭಾಗವಾದ್ದರಿಂದ ‘ಇನ್ ದ ಕಾರ್ನರ್’. ಬೀದಿಯ ತಿರುವಿಗೆ ‘ಆಟ್’ ಅಥವಾ ‘ಆನ್’.

ವಾಹನಗಳಿಗೆ ಒಂದು ಗುರುತಿದೆ. ಒಳಗೆ ಎದ್ದು ಓಡಾಡಬಹುದಾದ ಬಸ್ಸು, ರೈಲು, ವಿಮಾನ, ಹಡಗುಗಳಿಗೆ ಸಾಮಾನ್ಯವಾಗಿ ‘ಆನ್’. ತೂರಿಕೊಂಡು ಕುಳಿತುಕೊಳ್ಳಬೇಕಾದ ಕಾರು, ಟ್ಯಾಕ್ಸಿಗಳಿಗೆ ‘ಇನ್’. ಸೈಕಲ್ಲಿನ ಮೇಲೆಯೇ ಕೂರುವುದರಿಂದ ಅದಕ್ಕೂ ‘ಆನ್’.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ‘ದ ಟೀಮ್ ವಿಲ್ ರೀಚ್ ಟು ದ ಏರ್‌ಪೋರ್ಟ್ ಆನ್ ಸಿಕ್ಸ್ ಓ ಕ್ಲಾಕ್’ ಎಂಬ ನನ್ನ ಈ ದಿನದ ವಾಕ್ಯದಲ್ಲಿ ‘ಆನ್’ ಬದಲು ‘ಆಟ್’ ಹಾಕಿದರೆ ಸಾಕೇ?

ಉತ್ತರ 3

ಸಾಲದು. ‘ರೀಚ್’ ಕ್ರಿಯಾಪದ ನೇರವಾಗಿ ಸ್ಥಳವನ್ನೇ ತೆಗೆದುಕೊಳ್ಳುವುದರಿಂದ ‘ಟು’ ತೆಗೆದುಹಾಕಿ ‘ರೀಚ್ ದ ಏರ್‌ಪೋರ್ಟ್ ಆಟ್ ಸಿಕ್ಸ್’ ಎಂದು ಬರೆಯಿರಿ. ‘ಅರೈವ್’ ಬಳಸುವುದಾದರೆ ವಿಮಾನ ನಿಲ್ದಾಣಕ್ಕೆ ‘ಅರೈವ್ ಆಟ್’, ನಗರಕ್ಕೆ ಅಥವಾ ದೇಶಕ್ಕೆ ‘ಅರೈವ್ ಇನ್’; ‘ಅರೈವ್ ಟು’ ಎಲ್ಲಿಯೂ ಸಲ್ಲದು. ಆರಕ್ಕೆ ಮೊದಲೇ ತಲುಪಿದರೂ ಅಡ್ಡಿಯಿಲ್ಲ ಎಂಬುದು ನಿಮ್ಮ ಉದ್ದೇಶವಾದರೆ ‘ಬೈ ಸಿಕ್ಸ್’ ಎಂದು ಬರೆಯುವುದು ಇನ್ನೂ ಸೂಕ್ತ.